ಕೂಡಿಕೆ ಸಾಲಿನ ಕಾಮಾಕ್ಷಮ್ಮ

ಹೊಸ ಮುಖ ಕಂಡರೆ ಸಾಕು, ಹಳೇಕೋಟೆಯ ಕಾಮಾಕ್ಷಮ್ಮನವರು ಕತ್ತನ್ನು ಒಂದಿಷ್ಟು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, 'ನೀನು ಯಾರ ಕಡೇನಪ್ಪ?' ಎಂದು ಶುರುವಿಟ್ಟುಕೊಳ್ಳುತ್ತಾರೆ. ಹೊಳೆನರಸೀಪುರದಲ್ಲಿ ಹತ್ತಿದ ಬಸ್ಸು ಹಾಸನ ಮುಟ್ಟುವಷ್ಟರಲ್ಲಿ, ಪಕ್ಕದಲ್ಲಿ ಕೂತ ಅಪರಿಚಿತನು ಸೋದರಮಾವನ ಷಡ್ಡಕನ ಮಗನೋ ಓರಗಿತ್ತಿಯ ತಮ್ಮನೋ ಆಗಿ, ಅವರ ಎಲೆಯಡಿಕೆಯಲ್ಲಿ ಪಾಲನ್ನೂ ಪಡೆದಿರುತ್ತಾನೆ. ಅರಕಲಗೂಡಿನಿಂದ ಬಂದು ಇಲ್ಲಿ ನೆಲೆಸಿದ ನನಗೆ ಯಾವ ದಾರಿಯಿಂದಲೂ ನಂಟು ಕೂಡಿಬರದಿದ್ದಾಗ, 'ಅರಕಲಗೂಡಿಗೆ ನಮ್ಮೆಮ್ಮೆ ಮಾರಿದ್ವಿ ಕಣ, ಆ ಕಡೆಯಿಂದ ನೀನು ತಮ್ಮ ಆಗ್ಬೇಕು' ಎಂದು ಎಮ್ಮೆಯ ಮುಖಾಂತರ ನನ್ನನ್ನು ತಮ್ಮನನ್ನಾಗಿ ಮಾಡಿಕೊಂಡರು. ಎಮ್ಮೆಗೆ ನಾನು ಋಣಿ.

ಇಂಥವರು ಮದುವೆಮನೆಯಲ್ಲಿ ಮಾತ್ರ ಬೇರೆಯೇ ಮನುಷ್ಯರಾಗಿಬಿಡುತ್ತಿದ್ದರು. ಗಂಡ ಕೆಂಪಣ್ಣನವರು ಚಪ್ಪರದಡಿ ಗಟ್ಟಿಮುಟ್ಟಾಗಿ ಕೂತಿದ್ದರೂ, ಮುತ್ತೈದೆಯರೆಲ್ಲ ಸೇರಿ ಸೋಬಾನೆ ಹೇಳುವ ಹೊತ್ತಿಗೆ ಇವರು ಹಿತ್ತಲಲ್ಲಿ ಕುಂಬಳಕಾಯಿ ಹೆಚ್ಚುತ್ತಿರುತ್ತಿದ್ದರು. ಹಳ್ಳಿಮೈಸೂರಿನ ಅವರ ಅಜ್ಜಿ, ಎಳೆಯ ಪ್ರಾಯದಲ್ಲೇ ವಿಧವೆಯಾಗಿ, ಧಾರೆಯಿಲ್ಲದೆ, ಬರೀ ಒಂದು ಸೀರೆ ಉಡಿಸಿಕೊಂಡು ಎರಡನೆಯ ಮನೆ ಸೇರಿದವಳು. ಹಾಗೆ ಸೇರುವುದಕ್ಕೆ ಕೂಡಿಕೆ ಎಂದು ಹೆಸರು. ಅವಳ ಸಂತಾನಕ್ಕೆ ಕೂಡಿಕೆ ಸಾಲು ಎಂದು ಹೆಸರು. ಆ ಸಾಲಿನ ಹೆಂಗಸು ಮದುವೆಯಲ್ಲಿ ಕಳಸ ಹಿಡಿಯುವಂತಿಲ್ಲ ಎಂಬ ಕಟ್ಟಳೆಯನ್ನು ಊರು ಮರೆತರೂ ಕೆಂಪಣ್ಣನವರ ಅಕ್ಕ ಚಿಕ್ಕಲಕ್ಷ್ಮಮ್ಮನವರು ಮರೆತಿರಲಿಲ್ಲ. ಆ ಅಜ್ಜಿಯ ಹೆಸರನ್ನು ಕಾಮಾಕ್ಷಮ್ಮನವರು ಗಂಡನ ಮನೆಯಲ್ಲಿ ಒಮ್ಮೆಯೂ ಎತ್ತಿದವರಲ್ಲ.

ಹೋದ ವರ್ಷ ಮೊಮ್ಮಗಳು ನಿಸರ್ಗಳ ಮದುವೆ ಗೊತ್ತಾಯಿತು. ಹಾಸನದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಹುಡುಗಿ, ಹಠದಲ್ಲಿ ಅಜ್ಜಿಯದೇ ಅಚ್ಚು. ಅಜ್ಜಿ ಕಳಸ ಹಿಡಿಯದೆ ತಾನು ಹಸೆಮಣೆ ಏರುವುದಿಲ್ಲವೆಂದು ಪಟ್ಟು ಹಿಡಿದಳು. ತನ್ನ ಕೈ ತಾಗಿ ಮಗುವಿನ ಬಾಳಿಗೆ ಕೆಡುಕಾದೀತೆಂದು ಕಾಮಾಕ್ಷಮ್ಮನವರು ಬೆವತುಹೋದರು. ಒಂದು ಸಂಜೆ ಜಗಲಿಯಲ್ಲಿ ನಾವೆಲ್ಲ ಅವರೆಕಾಯಿ ಸುಲಿಯುತ್ತಿರುವಾಗ ನಿಸರ್ಗ ಹೇಳಿದಳು:

'ಅಜ್ಜಿ, ಬಹಳ ಹಿಂದೆ ನಮ್ಮಂಥ ಮನುಷ್ಯರಲ್ಲದೆ ಬೇರೆ ಥರದ ಮನುಷ್ಯರೂ ಇದ್ರು. ನಿಯಾಂಡರ್ತಲ್ ಅಂತ ಒಂದು ಕುಲ, ಡೆನಿಸೋವನ್ ಅಂತ ಇನ್ನೊಂದು. ಆ ಕುಲಗಳು ಅಳಿದುಹೋದ್ವು. ಆದ್ರೆ ನಮ್ಮೋರು ಅವರ ಜೊತೆ ಕೂಡಿದ್ರು, ಮಕ್ಕಳಾದ್ರು. ಅವರ ಅಂಶ ಚೂರುಪಾರು ಈಗಲೂ ನಮ್ಮ ಮೈಯಲ್ಲಿದೆ.'

ಅಜ್ಜಿಯ ಕೈ ನಿಂತಿತು. 'ಧಾರೆ ಗೀರೆ?'

'ಎಲ್ಲಿಯ ಧಾರೆ, ಅಜ್ಜಿ!'

'ನಮ್ಮ ಅಕ್ಕಯ್ಯ, ಚಿಕ್ಕಲಕ್ಷ್ಮಮ್ಮನ ಮೈಯಾಗೂ ಐತಾ ಅದು?'

'ದೊಡ್ಡಜ್ಜಿ ಮೈಯಲ್ಲೂ ಇದೆ.'

'ಅಂಗಾರೆ ಎಲ್ರೂ ಕೂಡಿಕೆ ಸಾಲೇ ಅನ್ನು!'

ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುನಗುತ್ತಲೇ ಅತ್ತರು. ಆಮೇಲೆ ಮೂಗೊರೆಸಿಕೊಂಡು ಕೇಳಿದರು: 'ಅಂಗೆ ಕೂಡಿದ ಯಮ್ಮನ ಎಸ್ರೇನವ್ವ?'

'ಯಾರಿಗೂ ಗೊತ್ತಿಲ್ಲ.'

'ಪಾಪ, ಎಸ್ರು ಏಳೋರೇ ಇಲ್ದಂಗಾಯ್ತಲ್ಲ. ಆ ಯಮ್ಮ ಇಲ್ದಿದ್ರೆ ನಾವೆಲ್ಲಿರ್ತಿದ್ವಿ?' ಎಂದು, ಯಾವ ದಿಕ್ಕಿಗೆ ಮುಗಿಯಬೇಕೆಂದು ತಿಳಿಯದೆ, ಮೊಮ್ಮಗಳಿಗೇ ಕೈಮುಗಿದರು.

ಮದುವೆಯ ದಿನ ಅವರು ಕಳಸ ಎತ್ತಿಕೊಂಡು ಬರುವಾಗ ಚಿಕ್ಕಲಕ್ಷ್ಮಮ್ಮನವರು ಎಲ್ಲರಿಗೂ ಕೇಳುವಂತೆ, 'ನೀನು ಯಾರ ಸಾಲು ಅಂತ ನೆಪ್ಪೈತಾ, ಕಾಮಾಕ್ಷಿ?' ಎಂದರು. ಓಲಗದವರೂ ನಿಲ್ಲಿಸಿದರು.

'ಐತೆ ಕಣಕ್ಕಯ್ಯ. ಅಳ್ಳಿಮೈಸೂರು ದ್ಯಾವೀರಮ್ಮನ ಮೊಮ್ಮಗಳು ನಾನು. ಆ ಯಮ್ಮ ಸೀರೆ ಉಡಿಸ್ಕಂಡು ಬಂದಿದ್ಕೇ ಈ ಮಗ ಇವತ್ತು ಅಸೆ ಏರ್ತದೆ.'

ಚಿಕ್ಕಲಕ್ಷ್ಮಮ್ಮನವರು, 'ಸೆರಗು ಸರಿ ಮಾಡ್ಕೊ, ಜಾರ್ತದೆ' ಎಂದು ತಾವೇ ಎದ್ದುಬಂದು ಸೆರಗನ್ನು ಹೆಗಲಿಗೇರಿಸಿದರು. ಓಲಗ ಮತ್ತೆ ಶುರುವಾಯಿತು. ನನ್ನ ಕಣ್ಣು ತುಂಬಿ ಬಂದಿತ್ತು.

ಮಂತ್ರವಿಲ್ಲದೆ, ಮಂಗಳವಾದ್ಯವಿಲ್ಲದೆ, ಪರರ ಹೊಸ್ತಿಲು ದಾಟಿ ಮನುಷ್ಯಕುಲವನ್ನು ಮುಂದಕ್ಕೆ ದಾಟಿಸಿದ ತಾಯಂದಿರು ಎಷ್ಟೋ ಮಂದಿ. ಅವರ ಋಣದಲ್ಲೇ ಹುಟ್ಟಿ, ಅದನ್ನೇ ನಾಚಿಕೆಯೆಂದು ಬಚ್ಚಿಟ್ಟು ಬಾಳುವವರು ನಮ್ಮಲ್ಲಿ ಹೆಚ್ಚು. ಎಲ್ಲೋ ಒಬ್ಬೊಬ್ಬರು ಮಾತ್ರ, ತುಂಬಿದ ಚಪ್ಪರದಲ್ಲಿ ತಲೆಯೆತ್ತಿ, ಆ ತಾಯಿಯ ಹೆಸರು ಹೇಳುತ್ತಾರೆ.