ಎರಡನೇ ಬೋರಿನ ನೀರು

“ಆ ನಲ್ಲಿ ನೀರು ಬ್ಯಾಡ,” ಎಂದು ಮಂಚಮ್ಮ ಮಗ ಗೌತಮನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಮೋರಿಗೆ ಸುರಿದುಬಿಟ್ಟಳು. “ಮೂಲೇಲಿ ಕ್ಯಾನು ಐತೆ. ಅದ್ರಲ್ಲೇ ಮೈ ತೊಳೀರಿ.”

ಬೆಂಚಿನ ಮೇಲೆ ಮಲಗಿಸಿದ್ದ ಅವಳ ಗಂಡ ಸಿದ್ದಪ್ಪಾಜಿಯ ಹೆಣದ ಸುತ್ತ ನಿಂತಿದ್ದವರು ಮುಖ ಮುಖ ನೋಡಿಕೊಂಡರು. ಮಂಚಮ್ಮನ ಅಣ್ಣ ಏಕಾಂತಯ್ಯ ಮೆಲ್ಲಗೆ, “ಕುಡಿಯೋ ನೀರ್ನ ಹೆಣಕ್ಕೆ ಸುರೀತಾರಾ ತಂಗೀ?” ಎಂದ.

“ಹನ್ನೊಂದು ವರ್ಷ ಅವ್ರು ಒಂದ್ ತೊಟ್ಟೂ ಬಾಯಿಗಿಟ್ಕೊಳ್ದೆ ಇದ್ದ ನೀರು ಆ ನಲ್ಲೀದು. ಇವತ್ತು ಅವ್ರ ಮೈಮ್ಯಾಲೆ ಸುರೀಬ್ಯಾಡಿ.”

ತಲೆಯ ಬಳಿ ಕೂತಿದ್ದ ಮಗಳು ಭಾನುಪ್ರಿಯಾ ತಾಯಿಯ ಮುಖ ನೋಡಿದಳು. ದುಃಖಕ್ಕೆ ಬಡಬಡಿಸುತ್ತಿದ್ದಾಳೆ ಎನ್ನುವಂತಿರಲಿಲ್ಲ. ಅವ್ವನ ದನಿ ಹೆದರಿಕೆ ಹುಟ್ಟಿಸುವಷ್ಟು ಸಮಾಧಾನವಾಗಿತ್ತು.

ಶ್ರೀರಾಂಪುರ ದಾಟಿದ ಮೇಲೆ ಸಿಗುವ ಆ ಬಡಾವಣೆಯಲ್ಲಿ ಸಿದ್ದಪ್ಪಾಜಿಯನ್ನು ಅರಿಯದವರಿಲ್ಲ. ನೀರು ಬಿಡುವವನು ಅವನೇ. ಹಬ್ಬವಿರಲಿ, ಜ್ವರವಿರಲಿ, ಬೆಳಗ್ಗೆ ಆರಕ್ಕೆ ಅವನು ವಾಲ್ವು ತಿರುಗಿಸದ ದಿನವಿಲ್ಲ. ನಿನ್ನೆ ಮಧ್ಯಾಹ್ನ ಟ್ಯಾಂಕಿನ ಬುಡದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. “ಊರಲ್ಲಿ ನಮ್ಮನ್ನ ಬಾವಿ ಕಟ್ಟೆ ಹತ್ತಿಸ್ತಿರ್ಲಿಲ್ಲ ಕಣಮ್ಮ. ಇಲ್ಲಿ ನಾನ್ ಕೈ ಆಡ್ಸದೆ ಯಾರ ಮನೇಗೂ ನೀರಿಲ್ಲ,” ಎಂದು ಅಪ್ಪ ಹೇಳುವಾಗಲೆಲ್ಲ ಭಾನುವಿಗೆ ಹೆಮ್ಮೆಯಾಗುತ್ತಿತ್ತು. ಉದಯಗಿರಿಯ ಶಾಲೆಯಲ್ಲಿ ತಾನು ಕಲಿಸುವ ಮಕ್ಕಳಿಗೂ ಅದನ್ನು ಕತೆಯಂತೆ ಹೇಳಿದ್ದಳು.

* * *

ಅವಳು ಬಿ.ಎಡ್. ಓದುತ್ತಿದ್ದ ದಿನಗಳವು. ಬಡಾವಣೆಯ ಹಿಂದಿನ ಬೀದಿಗೆ ಆಗಷ್ಟೇ ಮದುವೆಯಾಗಿ ಬಂದಿದ್ದ ಧರಣಿ ಅವಳನ್ನು ಮನೆಗೆ ಕರೆದು ಒಂದು ಲೋಟ ನೀರು ಕೊಟ್ಟಿದ್ದಳು. ಲೋಟ ತುಟಿಗೆ ತಾಕಿತ್ತು, ಅಷ್ಟೇ. ಪೈಪು ನೋಡಲು ಬಂದಿದ್ದ ಅಪ್ಪ ಬಾಗಿಲಿನಿಂದಲೇ ನುಗ್ಗಿ ಕೈಗೆ ಬಡಿದ. ಲೋಟ ಗೋಡೆಗೆ ಹೊಡೆದು ಉರುಳಿತು.

“ಯಾರ ಮನೇಲೂ ನೀರ್ ಕುಡೀಬ್ಯಾಡ ಅಂದಿರ್ಲಿಲ್ವಾ ನಿಂಗೆ?”

ಮಗಳ ಮೇಲೆ ಅವನು ಕೈಯೆತ್ತಿದ್ದು ಅದೊಂದೇ ಸಲ. ಧರಣಿ ಬೆಪ್ಪಾಗಿ ನಿಂತಿದ್ದಳು. ದಾರಿಯುದ್ದಕ್ಕೂ ಭಾನು ಅಪ್ಪನೊಂದಿಗೆ ಜಗಳ ಕಾದಳು. “ಊರಲ್ಲಿ ನಮಗೆ ಮಾಡಿದ್ದನ್ನೇ ನೀನು ಇವ್ರಿಗೆ ಮಾಡ್ತಿದ್ದೀಯಲ್ಲಪ್ಪ?”

ಅಪ್ಪ ಮರುದಿನ ಎಂದಿನಂತೆ ಮೊಪೆಡ್ಡಿಗೆ ಎರಡು ಕ್ಯಾನು ಕಟ್ಟಿಕೊಂಡು ಮಂಡಕಳ್ಳಿಯ ಅಕ್ಕನ ಮನೆಗೆ ಹೋಗಿ ನೀರು ತಂದ. ಅಲ್ಲಿಯ ಕೈಪಂಪಿನ ನೀರು ಸಿಹಿ ಎನ್ನುವುದು ಮನೆಯಲ್ಲಿ ಎಲ್ಲರೂ ನಂಬಿಕೊಂಡಿದ್ದ ಮಾತು.

* * *

ಹತ್ತು ಗಂಟೆಯ ಹೊತ್ತಿಗೆ ಬಡಾವಣೆ ಕಟ್ಟಿಸಿದ ಮಹೇಂದ್ರ ಬಂದ. ತೋಳುದ್ದದ ಹಾರ ಹಾಕಿ, ಕೈಮುಗಿದು, ಗೌತಮನ ಹೆಗಲ ಮೇಲೆ ಕೈಯಿಟ್ಟು ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ಬಟ್ಟೆ ತರಲು ಒಳಗೆ ಹೋಗಿದ್ದ ಭಾನುವಿಗೆ ಕಿಟಕಿಯಾಚೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

“ಇನ್ಮೇಲೆ ನೀನೇ ನೀರು ಬಿಡಪ್ಪ. ಈ ಮನೇಲೇ ಇರಿ, ನಿಮ್ಮಮ್ಮ ಎಲ್ಲಿಗೂ ಹೋಗ್ಬೇಕಿಲ್ಲ.”

“ಆಗ್ಲಿ ಸಾರ್.”

“ಇನ್ನೊಂದು ವಿಷಯ. ಸೋಮವಾರ ನೀರಿನ ಪರೀಕ್ಷೆಗೆ ಬಾಟಲು ಕಳಿಸ್ಬೇಕು. ನಿಮ್ಮಪ್ಪ ಎಲ್ಲಿ ತುಂಬ್ತಿದ್ದ, ಗೊತ್ತಲ್ಲ?”

“ಇಲ್ಲಿ ನಲ್ಲೀಲಿ...”

ಮಹೇಂದ್ರ ಮೆಲ್ಲಗೆ ನಕ್ಕ. “ಮಂಡಕಳ್ಳಿ. ನಿಮ್ಮತ್ತೆ ಮನೆ ಪಂಪು. ಎರಡನೇ ಬೋರಿಂದು ತುಂಬಿ ಕಳಿಸ್ಬುಟ್ಟೀಯ, ಎಲ್ರೂ ಬೀದಿಗೆ ಬರ್ತೀವಿ ಕಣೋ.”

ಭಾನು ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಹಾಗೇ ನಿಂತಳು. ಹಿಂದೆ ಯಾರೋ ಬಂದಂತಾಯಿತು. ಮಂಚಮ್ಮ.

“ನಿಂಗೊತ್ತಿತ್ತಾ ಅವ್ವ?”

“ಗೊತ್ತಿದ್ದು ಏನ್ ಮಾಡ್ಲಿ? ನೀನು ಓದ್ತಿದ್ದೆ. ಇವನು ಇನ್ನೂ ಸಣ್ಣೋನು. ಸೂರು ಇತ್ತಲ್ಲ ತಲೆ ಮ್ಯಾಲೆ.” ಅವಳು ಮಗಳ ಕೈಯಿಂದ ಗಂಟು ತೆಗೆದುಕೊಂಡಳು. “ನಡಿ, ಹೊತ್ತಾಯ್ತು.”

ಅಂಗಳದಲ್ಲಿ ಬಡಾವಣೆಯ ಸಂಘದ ಅಧ್ಯಕ್ಷ ಅನಂತಪದ್ಮನಾಭರು ಕುರ್ಚಿಯಲ್ಲಿ ಕೂತಿದ್ದರು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಭಾನುವಿಗೆ ಬಿ.ಎಡ್. ಸೀಟು ಕೊಡಿಸಲು ಓಡಾಡಿದವರೂ ಅವರೇ. ಇವರಿಗೆ ಹೇಳಿದರೆ ಏನಾದರೂ ಆದೀತು ಎಂದುಕೊಂಡು ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೇಳಿಸಿಕೊಂಡಿದ್ದೆಲ್ಲವನ್ನೂ ಪಿಸುದನಿಯಲ್ಲಿ ಹೇಳಿದಳು.

ಅವರು ಬೆಚ್ಚಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು.

“ಮುಂಚೆ ಇಲ್ಲಿ ಲೋಹಕ್ಕೆ ಬಣ್ಣ ಹಿಡಿಸೋ ಕಾರ್ಖಾನೆ ಇತ್ತಮ್ಮ. ಅದರ ಕೊಳೆ ನೀರು ಬೀಳ್ತಿದ್ದ ಗುಂಡಿ ಪಕ್ಕದಲ್ಲೇ ಎರಡನೇ ಬೋರು ಕೊರೆದಿದ್ದಾರೆ. ನಾಲ್ಕು ವರ್ಷದ ಹಿಂದೆ ನಾನೇ ಗುಟ್ಟಾಗಿ ಒಂದು ಬಾಟಲು ಪರೀಕ್ಷೆ ಮಾಡಿಸಿದೆ.”

“ಏನು ಬಂತು ಸಾರ್?”

“ಮುಂದಿನ ಮೂರು ಬೀದಿಗೆ ಆಮೇಲೆ ಹೊಳೆ ನೀರಿನ ಲೈನು ಹಾಕಿಸ್ಕೊಂಡ್ವಿ.”

“ಹಿಂದಿನ ಬೀದಿಗೆ?”

“ಅಲ್ಲಿ ಬಾಡಿಗೆಯವರೇ ಜಾಸ್ತಿ. ಬರ್ತಾರೆ, ಹೋಗ್ತಾರೆ.” ಅವರು ಕನ್ನಡಕ ಮತ್ತೆ ಹಾಕಿಕೊಂಡರು. “ನಿಮ್ಮಪ್ಪ ಒಂದ್ಸಲ ನನ್ನ ಹತ್ತಿರ ಬಂದಿದ್ದ. ಸಭೇಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ ಅಂದ. ನಾನೇ ಬೇಡ ಅಂದೆ. ನಿನ್ನ ಮಾತು ಯಾರು ನಂಬ್ತಾರೆ ಸಿದ್ದಪ್ಪಾಜಿ, ಬಾಟಲು ತುಂಬಿದೋನೂ ನೀನೇ ಅಲ್ವಾ, ಮೊದಲು ನಿನ್ನನ್ನೇ ಹಿಡ್ಕೊಂಡು ಹೋಗ್ತಾರೆ ಅಂದೆ. ಅವನ ಒಳ್ಳೇದಕ್ಕೇ ಹೇಳಿದ್ದಮ್ಮ.”

ಅವರ ದನಿಯಲ್ಲಿ ಕೆಡುಕಿರಲಿಲ್ಲ. ಪಾಠ ಹೇಳುವಷ್ಟೇ ಸಾವಧಾನವಿತ್ತು. ಭಾನು ಕೂತಲ್ಲಿಂದ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಮಹೇಂದ್ರನ ಮಾತು ಕೇಳಿದಾಗಲೂ ಅವಳು ಇಷ್ಟು ಹೆದರಿರಲಿಲ್ಲ.

* * *

ರುದ್ರಭೂಮಿಯಲ್ಲಿ ಬೌದ್ಧ ಪದ್ಧತಿಯಂತೆ ತ್ರಿಶರಣ ಹೇಳಿ ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ಅನಂತಪದ್ಮನಾಭರು, “ಒಂದು ದಿನವೂ ನೀರು ತಪ್ಪಿಸಿದವನಲ್ಲ,” ಎಂದಾಗ ಹಲವರು ತಲೆಯಾಡಿಸಿದರು. ಹಿಂದಿನ ಬೀದಿಯಿಂದ ಹೆಂಗಸರು ಗುಂಪಾಗಿ ಬಂದಿದ್ದರು. ಧರಣಿ ಭಾನುವಿನ ಎರಡೂ ಕೈ ಹಿಡಿದುಕೊಂಡು ಅತ್ತಳು. “ನಮ್ಮನ್ನ ಮನುಷ್ಯರು ಅಂತ ಕಂಡೋರು ಅವ್ರೊಬ್ರೇ ಕಣಕ್ಕ.” ಅವಳ ಅಂಗೈ ಚರ್ಮ ಸುಲಿದು ಉಪ್ಪುಕಾಗದದಂತಿತ್ತು. ಬೆರಳ ಸಂದಿಯಲ್ಲಿ ಮಾಯದ ಹುಣ್ಣುಗಳಿದ್ದವು. ಸೋಪಿನ ಪುಡಿಗೆ ಹಾಗಾಗಿದೆ ಎಂದು ಡಾಕ್ಟರು ಹೇಳಿದ್ದಾರಂತೆ.

ಹಿಂತಿರುಗುವಾಗ ನಾಲ್ಕು ಗಂಟೆ. ಗೌತಮ ಮನೆಯೊಳಗೂ ಹೋಗದೆ ನೇರ ಟ್ಯಾಂಕಿನತ್ತ ನಡೆದ. ಭಾನು ಓಡಿಹೋಗಿ ಅಡ್ಡ ನಿಂತಳು.

“ಎರಡನೇ ಬೋರು ಬುಡ್ಬ್ಯಾಡ ಕಣೋ.”

“ಬೆಳಗ್ಗಿಂದ ಬೀದಿ ನಲ್ಲೀಲಿ ನೀರಿಲ್ಲ ಅಂತ ಎಲ್ರೂ ಕೇಳ್ತಾವ್ರೆ ಅಕ್ಕ. ಬುಡ್ದೆ ಇದ್ರೆ ಇವತ್ತು ರಾತ್ರಿ ಅವ್ವ ಎಲ್ಲಿ ಮಲಗ್ತಾಳೆ? ನಿನ್ ಮನೇಗೆ ಕರ್ಕೊಂಡು ಹೋಗ್ತೀಯಾ?”

ಉದಯಗಿರಿಯ ತನ್ನ ಒಂದೇ ಕೋಣೆ, ಅಲ್ಲಿ ಹಾಸಿಗೆ ಹಿಡಿದಿರುವ ಗಂಡನ ತಾಯಿ, ಇಬ್ಬರು ಮಕ್ಕಳು ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಆ ಒಂದು ಗಳಿಗೆ ಸಾಕಾಯಿತು. ತಮ್ಮ ಪಕ್ಕಕ್ಕೆ ಸರಿದು ಹೋಗಿ ವಾಲ್ವು ತಿರುಗಿಸಿದ. ನೆಲದಡಿಯ ಪೈಪು ಗುಡುಗುಟ್ಟಿತು.

ಅವಳು ಹಿಂದಿನ ಬೀದಿಗೆ ಬಿರುಸಾಗಿ ನಡೆದಳು. ಬೀದಿ ನಲ್ಲಿಯ ಮುಂದೆ ಇಪ್ಪತ್ತು ಕೊಡಗಳು ಸಾಲಾಗಿ ಕೂತಿದ್ದವು. ಮೊದಲನೆಯದು ಧರಣಿಯದು.

“ಈ ನೀರು ಕುಡೀಬೇಡಿ,” ಎಂದಳು. ಮತ್ತೆ ಜೋರಾಗಿ ಹೇಳಿದಳು. “ಇದರಲ್ಲಿ ವಿಷ ಇದೆ. ಪರೀಕ್ಷೆಗೆ ಹೋಗ್ತಿದ್ದ ಬಾಟಲು ಇಲ್ಲೀದಲ್ಲ. ನಮ್ಮಪ್ಪನೇ ಬೇರೆ ಕಡೆ ತುಂಬಿ ಕೊಡ್ತಿದ್ದ.”

ಧರಣಿಯ ಕೊಡಕ್ಕೆ ನೀರು ಬೀಳುತ್ತಲೇ ಇತ್ತು.

“ಹೆತ್ತಪ್ಪನ ಮ್ಯಾಲೆ ಹಿಂಗಂತಾರಾ?” ಒಬ್ಬ ಮುದುಕಿ ಗದರಿದಳು. “ಮಣ್ಣು ಇನ್ನೂ ಹಸಿ ಐತೆ.”

“ದುಃಖ ಕಣಮ್ಮ ಅವಳಿಗೆ, ಬುಡು,” ಎಂದಳು ಇನ್ನೊಬ್ಬಳು. “ಯಾರಾದ್ರೂ ಮನೆಗೆ ಕರ್ಕೊಂಡು ಹೋಗಿ.”

ಧರಣಿ ಮಾತ್ರ ಭಾನುವಿನ ಮುಖವನ್ನೂ ಸುಲಿದ ತನ್ನ ಅಂಗೈಯನ್ನೂ ನೋಡಿದಳು. ಆಮೇಲೆ ಬಗ್ಗಿ, ಅರ್ಧ ತುಂಬಿದ್ದ ಕೊಡವನ್ನು ಪಕ್ಕಕ್ಕೆ ಎಳೆದುಕೊಂಡಳು. ನಲ್ಲಿಯ ಧಾರೆ ನೆಲ ಮುಟ್ಟುವಷ್ಟರಲ್ಲಿ ಸಾಲಿನಲ್ಲಿ ಹಿಂದಿದ್ದ ಕೊಡ ಬಂದು ಆ ಜಾಗದಲ್ಲಿ ಕೂತಿತು.