ಮುನಿಲಕ್ಷ್ಮಿ ಮೇಡಂ ಆರಿಸಿದ ಟೈರು

ಮುನಿಲಕ್ಷ್ಮಿ ಮೇಡಂ ಯಾರಿಗಾದರೂ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಡೆದದ್ದನ್ನು ಹನ್ನೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡವನಲ್ಲ. ಶ್ರೀನಿವಾಸಪುರದ ನಮ್ಮ ಹೈಸ್ಕೂಲಿನ ಇಕ್ಕಟ್ಟಾದ ಪಡಸಾಲೆಯಲ್ಲಿ ಎದುರಿನಿಂದ ಮುಖ್ಯೋಪಾಧ್ಯಾಯರೇ ಬರಲಿ, ತಪಾಸಣೆಗೆ ಬಂದ ಅಧಿಕಾರಿಯೇ ಬರಲಿ, ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡು, ಕೊರಳಿನ ಸೀಟಿಯನ್ನು ಎಡಗೈಯಲ್ಲಿ ಅದುಮಿ ಹಿಡಿದು, ನಟ್ಟನಡುವೆಯೇ ಬರುತ್ತಿದ್ದರು, ಸರಿಯಬೇಕಾದವರು ಎದುರಿನವರೇ. ಕನ್ನಡ ಪಾಠ ಹೇಳುವ ನಾನು ಒಮ್ಮೆ ತಮಾಷೆಗೆ ಇದನ್ನು ಎತ್ತಿದಾಗ ಅವರು ನಗಲಿಲ್ಲ. "ಹೆಣ್ಮಕ್ಳಿಗೆ ಕಬಡ್ಡಿ ಕಲಿಸೋಳು ಗೋಡೆ ಸವರ್ಕೊಂಡು ನಡೆದ್ರೆ ಅವ್ರೇನು ಕಲೀತಾರೆ, ಮೇಷ್ಟ್ರೇ? ಅರ್ಥ ಆಯ್ತಾ, ಇಲ್ವಾ?" ಎಂದರು. ಮಾತಿನ ಕೊನೆಗೆ ಈ 'ಅರ್ಥ ಆಯ್ತಾ, ಇಲ್ವಾ' ಬಂತೆಂದರೆ ವಿಚಾರಣೆ ಮುಗಿದು ತೀರ್ಪು ಹೊರಬಿದ್ದಂತೆಯೇ.

ಐವತ್ತೊಂದನೆಯ ವಯಸ್ಸಿನಲ್ಲಿ ಅವರು ಕೋಲಾರದ ವೈದ್ಯರೊಬ್ಬರಿಂದ ಆರುನೂರೈವತ್ತು ಸಿಸಿಯ ಮೋಟಾರ್‌ಸೈಕಲ್ ಕೊಂಡರು. ಇನ್ನೂರು ಕಿಲೋ ಮೀರಿದ ಆ ಕಪ್ಪು ಗಾತ್ರವನ್ನು ಊರವರು ಎಮ್ಮೆ ಎಂದರು. ಇವರಿಗೆ ಅದು ಬರೀ 'ಗಾಡಿ'. ದೇವರಾಯಸಮುದ್ರದ ಮನೆಯಿಂದ ಮುಳಬಾಗಿಲು ಹಾಯ್ದು ದಿನವೂ ಶಾಲೆಗೆ ಅದರ ಮೇಲೆಯೇ ಪಯಣ. ಸೀರೆಯ ಬದಲು ಚೂಡಿದಾರ್, ಅದರ ಮೇಲೆ ಜಿಲ್ಲಾ ತಂಡದಲ್ಲಿ ಆಡುತ್ತಿದ್ದ ಕಾಲದ ಕಡುನೀಲಿ ಕೋಟು. ಬೇಸಿಗೆಯಲ್ಲೂ ಅದು ಮೈಮೇಲಿಂದ ಇಳಿಯುತ್ತಿರಲಿಲ್ಲ.

ಮೂರು ವರ್ಷ ಒಂದು ಕೂದಲೂ ಕೊಂಕಲಿಲ್ಲ. ಹೋದ ವರ್ಷ ಜೂನ್‌ನಲ್ಲಿ, ತುಂತುರು ಮಳೆ ಬಿದ್ದು ರಸ್ತೆ ಆಗತಾನೇ ನೆಂದಿದ್ದ ಬೆಳಗಿನಲ್ಲಿ, ಮಾವಿನತೋಪಿನ ತಿರುವಿನಲ್ಲಿ ಕರುವೊಂದು ಅಡ್ಡಬಂತು. ಮೇಡಂ ಬ್ರೇಕ್ ಹಿಡಿದರು. ಮುಂದಿನ ಚಕ್ರ ಹಿಡಿತ ಬಿಟ್ಟು ಜಾರಿತು. ಕರು ಉಳಿಯಿತು. ಇವರ ಎಡ ಕೊರಳೆಲುಬು ಮುರಿಯಿತು, ಕೋಟಿನ ತೋಳು ಹರಿಯಿತು.

ಬಿದ್ದ ಸುದ್ದಿಗಿಂತ ಬೇಗ ಬುದ್ಧಿವಾದ ಹಬ್ಬಿತು. ವಯಸ್ಸಾಯಿತು ಎಂದವರು ಕೆಲವರು, ಹೆಂಗಸಿಗೆ ಯಾಕೆ ಬೇಕಿತ್ತು ಎಂದವರು ಹಲವರು. ನಾನು ನೋಡಲು ಹೋದ ದಿನ ಮೇಡಂ ಕೈಗೆ ಜೋಳಿಗೆ ಕಟ್ಟಿಕೊಂಡು ಅಂಗಳದಲ್ಲಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಬನ್ನಿ ಮೇಷ್ಟ್ರೇ, ಇಲ್ಲಿ ಓದಿ. ಮುಂದಿನ ಟೈರ್ ಮೇಲೆ ನಾಲ್ಕಂಕಿ ಇದೆಯಲ್ಲ, ಮೊದಲೆರಡು ತಯಾರಾದ ವಾರ, ಕೊನೇದೆರಡು ವರ್ಷ."

ಲೆಕ್ಕ ಹಾಕಿದೆ. ಟೈರಿಗೆ ಒಂಬತ್ತು ವರ್ಷ ತುಂಬಿತ್ತು. ವೈದ್ಯರು ಗಾಡಿಯನ್ನು ಹೆಚ್ಚು ಓಡಿಸದೆ ಇಟ್ಟಿದ್ದರಿಂದಲೂ ಗಟ್ಟಿಯಾದ ರಬ್ಬರು ಬೇಗ ಸವೆಯದ್ದರಿಂದಲೂ ಮೇಲಿನ ಹಲ್ಲುಗಳು ಇನ್ನೂ ಆಳವಾಗಿಯೇ ಇದ್ದವು. ಒಳಗೆ ರಬ್ಬರು ಒಣಗಿ ಕೊರಡಾಗಿತ್ತು. ಮೇಡಂ ಉಗುರಿನಿಂದ ಅದುಮಿ ತೋರಿಸಿದರು, ಗುರುತೂ ಮೂಡಲಿಲ್ಲ.

"ಬ್ರೇಕ್ ಹಿಡಿದಾಗ ಇಷ್ಟು ಭಾರಾನೂ ಬೀಳೋದು ಮುಂದಿನದರ ಮೇಲೆ. ಸವೆದ ಹಿಂದಿನದನ್ನ ಬದಲಿಸಿದೆ, ಇದರ ಹಲ್ಲು ನೋಡಿ ಮೂರು ವರ್ಷದಿಂದ ಮೋಸ ಹೋದೆ. ತಪ್ಪು ನಂದೇ. ಆದ್ರೆ ನನ್ನ ವಯಸ್ಸಿಂದಲ್ಲ."

ಮೇಡಂ ಅವರ ತಮ್ಮ ಅಮರನಾಥನಿಗೆ ಈ ವಿಶ್ಲೇಷಣೆ ಬೇಕಿರಲಿಲ್ಲ. ಮಾವಿನ ಮಂಡಿಯಲ್ಲಿ ಹತ್ತು ಜನರ ಬಾಯಿಗೆ ಉತ್ತರ ಹೇಳಿ ಅವನು ಸೋತಿದ್ದ. ಅಕ್ಕನಿಗೆ ಏನಾದೀತೋ ಎಂಬ ನಿಜವಾದ ಭಯವೂ ಇತ್ತು. ಗಾಡಿ ಮಾರಿಸಲೆಂದು ಮರುವಾರವೇ ಗಿರಾಕಿಯನ್ನು ಕರೆತಂದ. ಮಾಲೂರಿನ ನರೇಶ್, ಹೊಸದಾಗಿ ಮದುವೆಯಾದವನು, ಹೆಂಡತಿ ರಂಜಿತಳೊಂದಿಗೆ ಬಸ್ಸಿನಲ್ಲಿ ಬಂದಿದ್ದ. ಹೋಗುವಾಗ ಇಬ್ಬರೂ ಗಾಡಿಯ ಮೇಲೆಯೇ ಹೋಗುವುದೆಂದು ನಿಶ್ಚಯ. ಅಮರನಾಥ ಬೆಳಗ್ಗೆಯೇ ಟೈರಿಗೆ ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸಿದ್ದ.

"ನೋಡಿ, ಟೈರ್ ಹೊಸಾದು ಇದ್ದಂಗಿದೆ," ಎಂದು ಅವನು ಹೇಳುತ್ತಿದ್ದಂತೆ ಮೇಡಂ ಹೊಸಿಲು ದಾಟಿ ಬಂದರು.

"ಇದ್ದಂಗಿದೆ ಅಷ್ಟೇ. ಒಂಬತ್ತು ವರ್ಷದ್ದು. ನನ್ನ ಕೆಡವಿದ್ದು ಇದೇ. ಇದರ ಮೇಲೆ ಹೆಂಡ್ತೀನ ಕೂರಿಸ್ಕೊಂಡು ಹೋಗ್ಬೇಡಪ್ಪ."

"ಅಕ್ಕಾ, ನೀನ್ ಸುಮ್ನಿರು!"

"ನೂವು ಊರುಕೋರಾ," ಎಂದರು ಮೇಡಂ. ಸಿಟ್ಟು ಬಂದರೆ ತಾಯಿಯ ಕಡೆಯ ತೆಲುಗು ತಾನಾಗಿ ಬರುತ್ತಿತ್ತು. ಸುಮ್ಮನಿರಬೇಕಾದವನು ನೀನು ಎಂದರ್ಥ. "ಮಾರೋದಾದ್ರೂ ಒಳ್ಳೇ ಟೈರ್ ಹಾಕಿಸೇ ಮಾರ್ತೀನಿ. ಒಳ್ಳೇ ಟೈರ್ ಹಾಕಿಸಿದ್ಮೇಲೆ ಯಾಕೋ ಮಾರ್ಲಿ?"

ದಂಪತಿ ಕಾಫಿ ಕುಡಿದು ಬಸ್ಸಿಗೇ ಹೋದರು. ಅಮರನಾಥ ಅಕ್ಕನೊಂದಿಗೆ ಮಾತು ಬಿಟ್ಟ.

ಎಲುಬು ಕೂಡಿದ ಮೇಲೆ ಒಂದು ಶನಿವಾರ ನನ್ನ ಕಾರಿನಲ್ಲಿ ಕೋಲಾರದ ಟೈರಂಗಡಿಗೆ ಹೋದೆವು. ಅಂಗಡಿಯ ಕದಿರೇಶ ನನ್ನ ಮುಖ ನೋಡಿ, "ಸರ್, ಯಾವ ಸೈಜು?" ಎಂದ. ಮೇಡಂ ನನ್ನ ಮುಂದೆ ಬಂದು ನಿಂತು ಅಳತೆ ಹೇಳಿದರು. ಅವನು ಅದಕ್ಕಿಂತ ಅಗಲದ್ದೊಂದನ್ನು ಉರುಳಿಸಿ ತಂದ.

"ಲುಕ್ ಬರುತ್ತೆ ಮೇಡಂ."

"ತಿರುವಲ್ಲಿ ಮೊಂಡು ಹಿಡಿಯುತ್ತೆ, ಗಾಡಿ ಬಾಗಲ್ಲ. ಕಂಪನಿಯವರು ಬರೆದಿರೋ ಅಳತೇನೇ ಕೊಡಪ್ಪ."

ಇನ್ನೊಂದು ತಂದ, ಬಹಳ ಗಟ್ಟಿ, ವರ್ಷಾನುಗಟ್ಟಲೆ ಬಾಳುತ್ತದೆಂದ. ಬೇಗ ಸವೆದರೂ ಚಿಂತೆಯಿಲ್ಲ, ಮಳೆಯಲ್ಲಿ ಹಿಡಿಯುವುದು ಬೇಕೆಂದು ಇವರು ಅದನ್ನೂ ತಳ್ಳಿದರು. ಮೂರನೆಯದರ ಅಳತೆ ಸರಿ, ಹೊರುವ ಭಾರದ ಅಂಕಿಯೂ ಸರಿ. ಮೇಡಂ ಕನ್ನಡಕ ಏರಿಸಿ ನಾಲ್ಕಂಕಿ ಹುಡುಕಿದರು: ಐದು ವರ್ಷದ ಹಳೆಯ ಮಾಲು.

"ಒಂದು ದಿನಾನೂ ರೋಡ್ ಕಂಡಿಲ್ಲ ಮೇಡಂ! ಹಾಕಿದ್ಮೇಲೆ ಯಾರಿಗ್ ಗೊತ್ತಾಗುತ್ತೆ?"

"ರೋಡಿಗೆ ಗೊತ್ತಾಗುತ್ತೆ. ಅರ್ಥ ಆಯ್ತಾ, ಇಲ್ವಾ?"

ಬರಿಗೈಯಲ್ಲಿ ಹಿಂತಿರುಗಿದೆವು. ಮುಂದಿನ ಶನಿವಾರವೂ ಹಾಗೆಯೇ. ನನಗೆ ನಾಚಿಕೆ ಎನಿಸತೊಡಗಿತ್ತು; ಯಾವುದೋ ಒಂದು ಹಾಕಿಸಿಬಿಡಿ ಎಂದು ಹೇಳಿಯೂ ಬಿಟ್ಟೆ. ಅವರು ದುರುಗುಟ್ಟಿ ನೋಡಿದರು; ನಾನು ಕಾರು ಹೊರಡಿಸಿದೆ. ಮೂರನೆಯ ವಾರ ಕದಿರೇಶನೇ ಫೋನು ಮಾಡಿದ: ಎರಡು ತಿಂಗಳ ಹಿಂದಷ್ಟೇ ತಯಾರಾದದ್ದು ತರಿಸಿದ್ದ. ಗಾಡಿಯನ್ನು ಟೆಂಪೋದಲ್ಲಿ ಸಾಗಿಸಿ, ಅವನು ಜೋಡಿಸುವಷ್ಟು ಹೊತ್ತೂ ಮೇಡಂ ಪಕ್ಕದಲ್ಲಿ ನಿಂತು, ಚಕ್ರ ಉರುಳುವ ದಿಕ್ಕಿನ ಬಾಣದ ಗುರುತನ್ನು ಎರಡು ಸಲ ನೋಡಿದರು.

ಹೊಸ ರಬ್ಬರಿನ ಮೇಲ್ಮೈ ನುಣುಪು, ಮೊದಲ ನೂರು ಮೈಲಿ ಹುಷಾರು ಎಂದು ಮುಳಬಾಗಿಲಿನವರೆಗೆ ಹೆದ್ದಾರಿಯ ಎಡಬದಿಯಲ್ಲಿ ಅತಿ ನಿಧಾನವಾಗಿ ಓಡಿಸಿದರು. ನಾನು ಹಿಂದೆ ಕಾರಿನಲ್ಲಿದ್ದೆ. ಸ್ಕೂಟರಿನವನೊಬ್ಬ ದಾಟಿಹೋಗುತ್ತ, "ಆಂಟೀ, ಇಳಿದು ತಳ್ಳಿ, ಬೇಗ ಹೋಗುತ್ತೆ!" ಎಂದು ಕೂಗಿದ. ಆಕ್ಸಿಲರೇಟರ್ ಕೊಂಚ ತಿರುವಿದರೆ ಅವನನ್ನು ಕ್ಷಣದಲ್ಲಿ ಹಿಂದಿಕ್ಕುವ ಶಕ್ತಿ ಆ ಯಂತ್ರಕ್ಕಿತ್ತು. ಅವರು ತಿರುವಲಿಲ್ಲ; ಕತ್ತನ್ನೂ ಹೊರಳಿಸಲಿಲ್ಲ. ಹರಿದ ಕೋಟಿನ ತೋಳನ್ನು ಬೇಕೆಂದೇ ಬಿಳಿ ದಾರದಲ್ಲಿ ಹೊಲಿದಿದ್ದರು. ಅದು ನನಗೆ ದೂರದಿಂದಲೂ ಕಾಣುತ್ತಿತ್ತು.

ಎರಡು ತಿಂಗಳ ಮೇಲೆ ನರೇಶ್ ಬೇರೊಂದು ಗಾಡಿ ಕೊಳ್ಳುವಾಗ ಇವರನ್ನೇ ಮಾಲೂರಿಗೆ ಕರೆಸಿ ಟೈರು ತೋರಿಸಿದ. ಅಮರನಾಥ ಈಗ ಮಾತಾಡುತ್ತಾನೆ, ಗೊಣಗುವುದನ್ನು ಬಿಟ್ಟಿಲ್ಲ.

ಲೋಕ ಹೆದರಿಸಿದಾಗ ಮನೆ ಸೇರಿಬಿಡುವವರುಂಟು. ಹೆದರಿಕೆಯೇ ಇಲ್ಲವೆಂದು ಎದೆ ತಟ್ಟಿ ಅದೇ ಕೆಟ್ಟ ಚಕ್ರದ ಮೇಲೆ ಮತ್ತೆ ಹಾರುವವರೂ ಉಂಟು. ಮೂರನೆಯ ಬಗೆಯವರು ವಿರಳ: ಬಿದ್ದದ್ದನ್ನು ಒಪ್ಪಿಕೊಂಡು, ಯಾಕೆ ಬಿದ್ದೆನೆಂದು ಬಗ್ಗಿ ನೋಡಿ, ತಮ್ಮ ಪಾಲಿನ ತಪ್ಪನ್ನಷ್ಟೇ ಹೊತ್ತು, ಉಳಿದ ಆರೋಪವನ್ನು ತಂದವರ ಬಾಗಿಲಿಗೇ ವಾಪಸು ಕಳಿಸುವವರು. ಇಂಥವರ ಜೊತೆ ಬಾಳುವುದು ಕಷ್ಟ, ಅಂಗಡಿಗೆ ಹೋಗುವುದು ಇನ್ನೂ ಕಷ್ಟ. ಆದರೆ 'ಯಾರಿಗೆ ಗೊತ್ತಾಗುತ್ತದೆ' ಎಂಬ ಮಾತಿಗೆ ತಲೆಯಾಡಿಸಿ ಮುಂದೆ ಹೋಗುವ ನಮ್ಮಂಥವರೂ ಸುರಕ್ಷಿತವಾಗಿ ಮನೆ ತಲುಪುತ್ತಿದ್ದೇವೆಂದರೆ, ಅದಕ್ಕೆ ಕಾರಣ ಎಲ್ಲೋ ಒಬ್ಬರು ಆ ಮಾತಿಗೆ ಒಪ್ಪದೆ ಅಲ್ಲೇ ನಿಂತಿರುವುದು.