ಉಸಿರೇ ಎಳೆಯದವಳ ಹಾಡು

ಆ ಭಾನುವಾರ ಲಹರಿಗಿದ್ದದ್ದು ಒಂದೇ ಆಸೆ. ಒಂದು ಹಾಡನ್ನು ಶುರುವಿನಿಂದ ಕೊನೆಯವರೆಗೆ, ಮಧ್ಯೆ ಎಲ್ಲೂ ನಿಲ್ಲದೆ ಹಾಡಿ ಮುಗಿಸಬೇಕು. ಅದೂ ಜಪಾನಿ ಹಾಡು. ಅದೂ ಮನುಷ್ಯರು ಹಾಡಿದ್ದಲ್ಲ, ಕಂಪ್ಯೂಟರಿನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಹಾಡಿದ್ದು! ದನಿ ಸಾಫ್ಟ್‌ವೇರಿನದು, ಮೈ ಚಿತ್ರದ್ದು, ಜಡೆ ಮಾತ್ರ ನೆಲ ಗುಡಿಸುವಷ್ಟು ಉದ್ದ. ಅದಕ್ಕೇ ಲಹರಿಯೂ ಅವಳ ಗೆಳತಿ ಸಿಂಚನಳೂ ಸೇರಿ ಅವಳಿಗೆ ಜಡೆಯಮ್ಮ ಎಂದು ನಾಮಕರಣ ಮಾಡಿದ್ದರು.

ಆಸೆಯ ಹಿಂದೆ ಒಂದು ಅವಮಾನವಿತ್ತು. ಹೋದ ತಿಂಗಳು ಬೋಗಾದಿಯ, ಪರದೆ ನೋಡಿ ಹಾಡುವ ಕರೋಕೆ ಕೆಫೆಯಲ್ಲಿ ಅನಿಮೆ ಎಂಬ ಜಪಾನಿ ಕಾರ್ಟೂನಿನ ಹುಚ್ಚರ ಗುಂಪು ಸೇರಿದಾಗ ಲಹರಿ ಮೈಕ್ ಹಿಡಿದು ಜಡೆಯಮ್ಮನ ಅತಿ ವೇಗದ ಹಾಡಿಗೇ ಕೈ ಹಾಕಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿ ಕುಕ್ಕರ್ ಸೀಟಿಯಂಥ ಸದ್ದೊಂದು ಹೊರಟಿತು. ಗುಂಪಿನ ವಾಟ್ಸಾಪ್ ಅಡ್ಮಿನ್ ಪ್ರದ್ಯುಮ್ನ ಬಿಡುತ್ತಾನೆಯೇ? ಬಾಯಿ ಕಳೆದ ಅವಳ ಮುಖವನ್ನು ಸ್ಟಿಕ್ಕರ್ ಮಾಡಿ, ಕೆಳಗೆ ‘ಗಾಳಿ ಪ್ಲೀಸ್’ ಎಂದು ಬರೆದು ಹರಿಯಬಿಟ್ಟ. ಪರೀಕ್ಷೆ ಹತ್ತಿರ ಬಂತು, ಗಾಳಿ ಪ್ಲೀಸ್. ಬಸ್ ರಶ್ಶು, ಗಾಳಿ ಪ್ಲೀಸ್. ಮೊದಮೊದಲು ಲಹರಿಯೂ ನಕ್ಕಳು. ಆದರೆ ಅವಳ ಸ್ವಂತ ಅಮ್ಮ ಎಲ್ಲಿಂದಲೋ ಸಿಕ್ಕ ಅದೇ ಸ್ಟಿಕ್ಕರನ್ನು ಮನೆಯವರ ಗ್ರೂಪಿಗೆ ಹಾಕಿ, “ಪಾಪ, ಯಾರ ಮನೆ ಮಗುವೋ” ಅಂದಾಗ ನಗು ಬತ್ತಿಹೋಯಿತು.

ಆ ಕ್ಷಣವೇ ಅನಿಮೆ ಗುಂಪಿನಲ್ಲಿ ಟೈಪ್ ಮಾಡಿದಳು: “ಈ ಭಾನುವಾರ ಜಡೆಯಮ್ಮನ ಹಾಡು ಪೂರ್ತಿ ಆಗತ್ತೆ. ಪೂರ್ತಿ ಆದ್ರೆ ಸ್ಟಿಕ್ಕರ್ ಡಿಲೀಟು.”

“ಮಧ್ಯ ನಿಂತ್ರೆ?” ಪ್ರದ್ಯುಮ್ನ ಕೇಳಿದ.

“ನಿಂತ್ರೆ ಅದನ್ನೇ ವರ್ಷವಿಡೀ ನನ್ನ ಡಿಪಿ ಮಾಡ್ಕೋತೀನಿ.”

ಇನ್ನು ಉಳಿದದ್ದು ಸುಲಭದ ಹಾಡು ಹುಡುಕುವುದು. ಸಿಂಚನಳ ಮನೆಯ ತಾರಸಿಯಲ್ಲಿ ಇಬ್ಬರೂ ಫೋನು ಹರವಿಕೊಂಡು ಕೂತರು. ಪಕ್ಕದಲ್ಲೇ ಸಿಂಚನಳ ಅಜ್ಜಿ ಬೆಟ್ಟಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಲಹರಿ ಸಾಹಿತ್ಯವನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದಳು. “ನೋಡೇ, ಜಪಾನಿ ನಮ್ಮ ಕಾಗುಣಿತದಲ್ಲಿ ಎಷ್ಟು ಮುದ್ದಾಗಿ ಕೂರತ್ತೆ! ಕ ಕಿ ಕು ಕೆ ಕೊ!”

“ಕೂರೋದು ಬುಡು, ನಿನ್ ಬಾಯಲ್ಲಿ ನಿಲ್ಬೇಕಲ್ಲ,” ಅಂದಳು ಸಿಂಚನ.

ಮೊದಲ ಹಾಡು ಹಾಕಿದ್ದೇ ತಡ, ಅಕ್ಷರಗಳು ಗುಂಡಿನಂತೆ ಸಿಡಿದವು. ಸಿಂಚನ ಕಿವಿ ಮುಚ್ಚಿಕೊಂಡಳು. “ಇದು ಹಾಡಲ್ಲ ಕಣೇ, ಕಬಡ್ಡಿ! ಉಸ್ರು ಬುಟ್ರೆ ಔಟು!”

ಎರಡನೆಯದು ಮೆಲ್ಲಗೆ ಶುರುವಾಗಿ ಮೇಲೆ ಮೇಲೆ ಹೋಗುತ್ತ, ಕೊನೆಗೆ ಕಿವಿಗೂ ಸಿಗದಷ್ಟು ಎತ್ತರ ಮುಟ್ಟಿತು. “ಕೊನೇ ಸ್ವರ ಚಾಮುಂಡಿ ಬೆಟ್ಟದ ಮೇಲಿದೆ,” ಲಹರಿ ನಿಟ್ಟುಸಿರುಬಿಟ್ಟಳು. “ಮೆಟ್ಲೂ ಇಲ್ಲ.”

ಮತ್ತೊಂದರಲ್ಲಿ ಅರ್ಧ ಹಾಡೆಲ್ಲ ಬರೀ ‘ರ ರ ರ’. “ಇದೇ ಇರ್ಲಿ, ಮರ್ಯಾದೆ ಉಳಿಯುತ್ತೆ,” ಅಂದಳು ಸಿಂಚನ. “ಹಸು ಅಟ್ಟೋಕಾ?” ಎಂದು ಲಹರಿ ಅದನ್ನೂ ತಳ್ಳಿದಳು.

ಆಮೇಲೆ ಸಿಕ್ಕಿತು ನೋಡಿ! ಕೊನೆಯ ರೈಲು ತಪ್ಪಿಸಿಕೊಂಡ ನಕ್ಷತ್ರವೊಂದು ಪ್ಲಾಟ್‌ಫಾರ್ಮಿನಲ್ಲಿ ಕೂತು ಹಾಡುವ ಹಾಡು. ಉಯ್ಯಾಲೆಯಂತೆ ನಿಧಾನ, ಮಾತು ಕಡಿಮೆ, ಎತ್ತರವೂ ಇಲ್ಲ. ಲಹರಿ ಎದ್ದು ಕುಣಿದೇಬಿಟ್ಟಳು. ಅವಳಿಗೆ ಸಂಗೀತ ಕಲಿಸಿದ್ದು ವಿದ್ಯಾರಣ್ಯಪುರಂನ ಅವಳ ಮನೆಯಲ್ಲೇ ಇರುವ ಅವಳ ಅಜ್ಜಿ, ಕಮಲಜ್ಜಿ. ಸರಳೆ ವರಸೆಯನ್ನು ಮೊದಲು ನಿಧಾನದ ಕಾಲದಲ್ಲಿ, ಆಮೇಲೆ ದುಪ್ಪಟ್ಟು ವೇಗದಲ್ಲಿ. ಹಾಗಾಗಿ ನಿಧಾನವೆಂದರೆ ಸುಲಭ ಎಂದು ಅವಳ ತಲೆಯಲ್ಲಿ ಕಲ್ಲಿನಲ್ಲಿ ಕೆತ್ತಿದ ಹಾಗೆ ಕೂತುಬಿಟ್ಟಿತ್ತು.

ಬೆಟ್ಟಮ್ಮ ಮಾತ್ರ ಕೈಲಿದ್ದ ಅವರೆಕಾಯಿ ಹಾಗೇ ಹಿಡಿದು ಕಿವಿಗೊಟ್ಟಿದ್ದರು. “ಅಲ್ಲ ಕಣವ್ವ, ಈ ಮಗ ಉಸ್ರೇ ತಗೊಳ್ಳಾಕಿಲ್ವಾ?”

“ಅವಳು ಮನುಷ್ಯಳಲ್ಲ ಅಜ್ಜಿ, ಕಂಪ್ಯೂಟ್ರು.”

“ಯಾವ ಪ್ಯೂಟ್ರೇ ಆಗ್ಲಿ. ಇಷ್ಟುದ್ದ ಎಳೀಬೇಕಾದ್ರೆ ಎತ್ಕೊಳ್ಳೋರು ಬೇಡ್ವಾ? ನಾವು ಮದ್ವೇಲಿ ಸೋಬಾನೆ ಏಳ್ವಾಗ ಒಬ್ಳು ಬುಟ್ಟಿದ್ನ ಇನ್ನೊಬ್ಳು ಇಡ್ಕೋತಾಳೆ. ಪದ ಕೆಳೀಕ್ ಬೀಳಾಕಿಲ್ಲ.”

“ಇದು ಒಬ್ಬರೇ ಹಾಡೋದು ಅಜ್ಜಿ,” ಅಂದಳು ಲಹರಿ, ಮತ್ತೆ ಕುಣಿಯುತ್ತ.

ವಾರವಿಡೀ ಅಭ್ಯಾಸ ನಡೆಯಿತು. ಮನೆಯಲ್ಲಿ ಜೋರಾಗಿ ಹಾಡಿದರೆ ಕಮಲಜ್ಜಿಯ ಮಧ್ಯಾಹ್ನದ ನಿದ್ದೆ ಕೆಡುತ್ತದೆ. ಹೀಗಾಗಿ ಮೂಗಿನಲ್ಲೇ ಗುನುಗಿದಳು. ಸಿಂಚನಳ ಸ್ಕೂಟರಿನ ಹಿಂದೆ ಕೂತು ಅವಳ ಕಿವಿಯಲ್ಲೇ ಕಾಲೇಜಿನವರೆಗೂ ಗುನುಗಿದಳು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ತಿರುಗಿ ನೋಡಿದರು. “ಸಾಕು ಮಾರಾಯ್ತಿ, ರಾತ್ರಿ ಕನಸಲ್ಲೂ ಅದೇ ಬತ್ತದೆ,” ಎಂದು ಸಿಂಚನ ಗೋಳಾಡಿದಳು. ಗುನುಗುವಾಗ ಹಾಡು ಹೂವೆತ್ತಿದಷ್ಟು ಸಲೀಸು. ಗುನುಗುವುದಕ್ಕೆ ಉಸಿರು ಎಷ್ಟು ತಾನೇ ಬೇಕು?

ಭಾನುವಾರ ಬಂತು. ಕೆಫೆ ತುಂಬಿತ್ತು. ಬಣ್ಣದ ವಿಗ್ಗು ಹಾಕಿದವರು, ಗೋಬಿ ಮೆಲ್ಲುವವರು, ಗುಂಪಿನವರನ್ನು ನೋಡಿ ಕಕ್ಕಾಬಿಕ್ಕಿಯಾದ ಬೇರೆ ಗಿರಾಕಿಗಳು. ಪ್ರದ್ಯುಮ್ನ ಮುಂದಿನ ಕುರ್ಚಿಯಲ್ಲೇ ಫೋನು ಹಿಡಿದು ಕೂತಿದ್ದ. “ಬನ್ನಿ ಮೇಡಮ್, ಫ್ಯಾನ್ ಹಾಕ್ಸಿದೀನಿ. ಗಾಳಿ ಸಾಕಾ?”

“ನಿನ್ನ ಸ್ಟಿಕ್ಕರಿಗೆ ಕೊನೇ ನಮಸ್ಕಾರ ಹೇಳ್ಕೋ,” ಅಂದು ಲಹರಿ ಮೈಕ್ ಎತ್ತಿದಳು.

ಮೊದಲ ಸಾಲು ಬೆಣ್ಣೆ. ಎರಡನೆಯದು ಇನ್ನೂ ಬೆಣ್ಣೆ. ಯಾರೋ ಶಿಳ್ಳೆ ಹೊಡೆದರು. ಮೂರನೆಯ ಸಾಲಿಗೆ ಬಂದಾಗ, ಜೀವಮಾನದಲ್ಲಿ ಮೊದಲ ಸಲ ಅದನ್ನು ಬಾಯಿ ತುಂಬ ಹಾಡಿದಾಗ, ಲಹರಿಗೆ ಗೊತ್ತಾಯಿತು. ಈ ಸಾಲು ಮುಗಿಯುವುದೇ ಇಲ್ಲ! ಎಳೆಯುತ್ತದೆ, ಎಳೆಯುತ್ತದೆ, ತಿರುಗುತ್ತದೆ, ಮತ್ತೆ ಎಳೆಯುತ್ತದೆ. ವೇಗದ ಹಾಡಿನಲ್ಲಾದರೂ ಸಾಲು ಬೇಗ ಮುಗಿಯುತ್ತಿತ್ತು. ಹೊಟ್ಟೆ ಬೆನ್ನಿಗಂಟಿತು. ಕಿವಿಯಲ್ಲಿ ಜುಂಯ್ ಎಂದಿತು. ಪರದೆಯ ಮೇಲೆ ಅಕ್ಷರ ಇನ್ನೂ ಅರ್ಧ ಬಾಕಿ. ಪ್ರದ್ಯುಮ್ನ ಕಿಸಿಯುತ್ತ ಕ್ಯಾಮರಾ ಹತ್ತಿರ ತಂದ. ಕುಕ್ಕರ್ ಇನ್ನೇನು ಕೂಗಬೇಕು.

ಅಷ್ಟರಲ್ಲಿ ಹಿಂದಿನ ಮೇಜಿನಿಂದ ಸಾಲು ಮುಂದುವರಿಯಿತು.

ಸಿಂಚನ! ಬಾಯಲ್ಲಿ ಗೋಬಿ ತುಂಡು ಇನ್ನೂ ಇತ್ತು. ಯೋಚಿಸಿದ್ದಲ್ಲ, ತೀರ್ಮಾನಿಸಿದ್ದಲ್ಲ. ಮದುವೆ ಮನೆಗಳಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ಬೆಳೆದವಳಿಗೆ ಪದ ಬೀಳುತ್ತಿದೆ ಎನ್ನಿಸಿದ್ದೇ ಗಂಟಲು ತಾನಾಗಿ ಹಿಡಿದುಕೊಂಡಿತು. ಒಂದು ವಾರ ಕಿವಿಗೆ ಬಿದ್ದ ಜಪಾನಿ, ಅಜ್ಜಿಯ ಸೋಬಾನೆ ರಾಗದ ವಾಲಾಟದಲ್ಲಿ ಹೊರಬಂತು. ಆ ಹೊತ್ತಿಗೆ ಲಹರಿ ಎದೆತುಂಬ ಗಾಳಿ ಎಳೆದು ಮುಂದಿನ ಸಾಲಿಗೆ ಸಿದ್ಧವಾಗಿದ್ದಳು. ಅವಳು ಬಿಟ್ಟಲ್ಲಿ ಇವಳು, ಇವಳು ಬಿಟ್ಟಲ್ಲಿ ಅವಳು. ಪಲ್ಲವಿ ತಿರುಗಿ ಬಂದಾಗ ವಿಗ್ಗಿನವರು ಸೇರಿದರು. ಮತ್ತೊಮ್ಮೆ ಬಂದಾಗ ಕೆಫೆಯ ಕಕ್ಕಾಬಿಕ್ಕಿ ಗಿರಾಕಿಗಳೂ ಪರದೆ ಓದುತ್ತ ಹಿಡಿದುಕೊಂಡರು. ಮಾತು ತಪ್ಪಿತು, ಅಕ್ಷರ ಎಲ್ಲೆಲ್ಲೋ ಬಿತ್ತು, ಜಪಾನಿನವರು ಕೇಳಿದ್ದರೆ ಕೈ ಮುಗಿಯುತ್ತಿದ್ದರು. ಆದರೆ ಹಾಡು ನಿಲ್ಲಲಿಲ್ಲ. ಕೊನೆಯ ಸ್ವರ ಇಡೀ ಕೆಫೆಯ ಬಾಯಲ್ಲಿ ತೇಲಿ ಮೆಲ್ಲಗೆ ಇಳಿಯಿತು.

ಚಪ್ಪಾಳೆ, ಕೇಕೆ, ಮೇಜು ಬಡಿತ. ಪ್ರದ್ಯುಮ್ನ ಕೈ ಅಡ್ಡ ಆಡಿಸುತ್ತ ಎದ್ದ. “ನಡಿಯಲ್ಲ, ನಡಿಯಲ್ಲ! ಮೋಸ! ಇವಳೊಬ್ಬಳೇ ಹಾಡ್ಬೇಕಿತ್ತು!”

“ಹಾಡು ನಿಂತೋಯ್ತೇನೋ?” ಸಿಂಚನ ಸೊಂಟಕ್ಕೆ ಕೈಯಿಟ್ಟಳು.

“ನಿಲ್ಲಲಿಲ್ಲ, ಆದ್ರೆ...”

“ಕೊಡಿಲ್ಲಿ ಫೋನು.” ಅವನ ಫೋನನ್ನು ಕಿತ್ತು ವಿಡಿಯೋ ಹಾಕಿದಳು. ಎಲ್ಲರೂ ಬಗ್ಗಿದರು. ಲಹರಿಯ ದನಿ ದೂರದಲ್ಲಿತ್ತು, ಸಿಂಚನಳದು ಇನ್ನೂ ದೂರ. ಎಲ್ಲಕ್ಕಿಂತ ಜೋರಾಗಿ, ಫೋನಿಗೇ ಬಾಯಿ ಕೊಟ್ಟಂತೆ, ಶ್ರುತಿ ಬಿಟ್ಟು ಒದರುತ್ತಿದ್ದದ್ದು ಒಂದೇ ಗಂಟಲು. ಪ್ರದ್ಯುಮ್ನನದು.

ಅವನ ಕಿವಿ ಕೆಂಪಾಯಿತು. “ಅದು... ಬಾಯಿಗೆ ಬಂದ್ಬಿಡ್ತು ಕಣ್ರೋ.”

ಎಲ್ಲರೆದುರೇ ಸ್ಟಿಕ್ಕರ್ ಅಳಿಸಿದ. ಲಹರಿ ಮೈಕನ್ನು ಎದೆಗವಚಿಕೊಂಡು, ಉಕ್ಕುವ ನಗುವನ್ನು ತಡೆಯಲಾರದೆ, ಹಾಡು ಹಾಕುವ ಯಂತ್ರದ ಮುಂದೆ ಕೂತಿದ್ದವನಿಗೆ ಕೂಗಿದಳು:

“ಅಣ್ಣಾ, ಆ ಕಬಡ್ಡಿ ಹಾಡು ಹಾಕಿ! ಈಗ ನಮ್ಮತ್ರ ಆಟಗಾರರು ಬೇಕಾದಷ್ಟಿದಾರೆ!”